ಮುಳ್ಳಿಲ್ಲದ ಗಾಳ

ಟಕ್... ಟಕ್... ಟಕ್!

ನವೆಂಬರ್ ತಿಂಗಳು. ಸಂಜೆ ಐದಕ್ಕೇ ಇಂಗ್ಲೆಂಡಿನ ಹಾರ್ಬೋರ್ನ್‌ನಲ್ಲಿ ಕತ್ತಲು ಕವಿದಿತ್ತು. ಸೌಮ್ಯಾ ಬಾಗಿಲು ತೆರೆದಳು.

ಹೊಸ್ತಿಲಾಚೆ ಶ್ರೀಕಾಂತ್! ಎಡಗಣ್ಣನ್ನು ಮುಚ್ಚಿದ್ದ ಅಂಗೈಯ ಸಂದಿಯಿಂದ ರಕ್ತ ಇಳಿಯುತ್ತಿತ್ತು.

"ಒಳಗ ಬರ್ಲೇನು? ಏನೂ ಕೇಳಬ್ಯಾಡ, ಸೌಮ್ಯಾ..."

ಹೋದ ತಿಂಗಳು ಇದೇ ಹೊಸ್ತಿಲಲ್ಲಿ ಅಪ್ಪ, ಡಾಕ್ಟರ್ ನಿಂಗಪ್ಪ, ಗುಡುಗಿದ್ದರು. ಇವರಿಬ್ಬರ ನಿಶ್ಚಿತಾರ್ಥ ಹತ್ತಿರವಿರುವಾಗ ಬಂಧುಗಳ ವಾಟ್ಸಾಪ್‌ಗೆ ಯಾರೋ ಒಂದು ಫೋಟೋ ಹಾಕಿದ್ದರು. ಶ್ರೀಕಾಂತನ ಕೈಯಲ್ಲಿ ಮೈತುಂಬ ಪಟ್ಟೆಯ ಪರ್ಚ್ ಮೀನು, ಮುಖದಲ್ಲಿ ನಗು! ಮೊಟ್ಟೆಯೂ ಹೊಸ್ತಿಲು ದಾಟದ, ದಿನವೂ ಲಿಂಗಪೂಜೆ ನಡೆಯುವ ಮನೆ ಸೌಮ್ಯಾಳದು.

"ಜೀವಾ ತಗಿಯೋ ಕೈಯಾಗ ನನ್ನ ಮಗಳ ಕೈ ಕೊಡಂಗಿಲ್ಲ! ಇನ್ನೊಮ್ಮೆ ಇಲ್ಲಿ ಬಂದ್ರ ಕಾಲ ಮುರೀತೀನಿ!"

ಅಂದು ಸೌಮ್ಯಾ ತುಟಿ ಬಿಚ್ಚಿರಲಿಲ್ಲ.

ಈಗ ಅಪ್ಪ ಬಂದುಬಿಟ್ಟರೆ? ಮಧ್ಯಾಹ್ನ ಹೊರಗೆ ಹೋದವರು ಫೋನ್ ಎತ್ತುತ್ತಿಲ್ಲ. ಯಾವ ಗಳಿಗೆಯಲ್ಲಾದರೂ...

ಅವಳು ಅವನನ್ನು ಅಡುಗೆಮನೆಯ ಕುರ್ಚಿಯಲ್ಲಿ ಕೂರಿಸಿ ಕೈ ಸರಿಸಿದಳು. ಹುಬ್ಬಿನ ಮೇಲೆ ಕೆಂಪು ಉಣ್ಣೆ, ಗರಿ ಸುತ್ತಿದ, ಮೀನಿಗೆ ಒಡ್ಡುವ ಹುಸಿ ಹುಳ. ಅದರ ಗಾಳ ಚರ್ಮದೊಳಗೆ ಹೂತಿತ್ತು! ಕೂದಲೆಳೆಯಷ್ಟು ಕೆಳಗಾಗಿದ್ದರೆ ಕಣ್ಣೇ...

"ನನ್ನ ಬೆರಳ ಕಾಣಸ್ತಾವೇನು?"

"ಬೆರಳೂ ಕಾಣಸ್ತಾವ, ಸಿಟ್ಟೂ ಕಾಣಸ್ತೈತಿ."

"ಚ್ಯಾಷ್ಟಿ ಸಾಕು! ಯಾರು ಮಾಡಿದ್ದು?"

"ಮಾತು ಕೊಟ್ಟೀನಿ. ಹೇಳಂಗಿಲ್ಲ."

ಸೌಮ್ಯಾ ಕಿಟಕಿಯತ್ತ ನೋಡಿದಳು. ಬೀದಿಯ ಕೊನೆಯ ದಟ್ಟ ಮಂಜಿನಲ್ಲಿ ಯಾವುದೋ ಕಾರಿನ ಎರಡು ದೀಪ. ಕಾರು ಕದಲುತ್ತಿಲ್ಲ, ಯಾರೂ ಇಳಿಯುತ್ತಿಲ್ಲ.

'ಇವನ ಬೆನ್ನು ಹತ್ತಿ ಬಂದಿದ್ದಾರೆ!'

ಚಿಲಕ ಹಾಕಿ ಬಂದು ಇಕ್ಕಳ ಹಿಡಿದಳು. ತಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಇಂಥ ಗಾಯಗಳನ್ನು ಅವಳು ಕಂಡಿದ್ದಳು. ಗಾಳದ ತುದಿಯ ಹಿಮ್ಮುಳ್ಳು ಹೊರಬರುವಾಗ ಮಾಂಸ ಸೀಳುತ್ತದೆ. ಶಿವಾ... ಎಂದು ಮೆಲ್ಲನೆ ಎಳೆದಳು.

ಬಟ್ಟೆಯಿಂದ ಸೂಜಿ ಜಾರುವಂತೆ ಗಾಳ ಹೊರಬಂತು!

ಬೆಳಕಿಗೆ ಹಿಡಿದಳು. ಮುಳ್ಳೇ ಇಲ್ಲ.

"ಒತ್ತಿ ಚಪ್ಪಟೆ ಮಾಡಿರ್ತೀನಿ," ಎಂದ ಶ್ರೀಕಾಂತ್. "ಮೀನಿನ ಬಾಯಿ ಹರೀಬಾರದಲ್ಲ? ಹಿಡೀತೀನಿ, ನೋಡ್ತೀನಿ, ನೀರಿಗೆ ಬಿಡ್ತೀನಿ. ಇವತ್ತಿನ ತನಕ ಒಂದೂ ತಿಂದಿಲ್ಲ."

"ಚುಚ್ಚೂದು ಪಾಪ ಅಲ್ಲೇನು?"

"ಪಾಪನ. ಎಷ್ಟು ನೋವಂತ ಇವತ್ತು ನನಗೂ ಗೊತ್ತಾತು."

"ಇದನ್ನ ಆವತ್ತ ಯಾಕ ಹೇಳಲಿಲ್ಲ?"

"ನೀ ಒಮ್ಮೆ ಕೇಳ್ತಿ ಅಂತ ಕಾದೆ..."

ಹಿಮ್ಮುಳ್ಳಿದ್ದದ್ದು ಈ ಮಾತಿಗೆ! ಸೌಮ್ಯಾಳ ಕಣ್ಣು ತುಂಬಿ ಹರಿಯಿತು.

"ಹೆದರಿಬಿಟ್ಟೆ, ಶ್ರೀ. ಅಪ್ಪಗ ಹೆದರಿದೆ, ಮಂದಿಗೆ ಹೆದರಿದೆ. ಇನ್ನ ಹೆದರಂಗಿಲ್ಲ. ಅಪ್ಪ ಈಗ ಬಂದು ನಿಂತ್ರೂ ಹೇಳ್ತೀನಿ, ನನಗ ನೀನ ಬೇಕು!"

ಅವನು ಅವಳ ರಕ್ತ ಮೆತ್ತಿದ ಬೆರಳುಗಳನ್ನು ಎದೆಗೊತ್ತಿಕೊಂಡ. ಹೊರಗೆ ಆ ದೀಪಗಳು ಹಾಗೆಯೇ ಉರಿಯುತ್ತಿದ್ದವು.

"ಪೊಲೀಸರಿಗೆ ಫೋನ್ ಮಾಡ್ತೀನಿ. ಆ ಕಾರಿನ್ಯಾಗ ಇದ್ದಾವ ಯಾರು? ನನ್ನ ಆಣಿ, ಹೇಳು!"

ಶ್ರೀಕಾಂತ್ ನಿಟ್ಟುಸಿರಿಟ್ಟ. "ಕಣ್ಣು ಉಳೀತು ಅನ್ನೋತನಕ ಬಾಯಿ ಬಿಡಬ್ಯಾಡ ಅಂದಿದ್ರು. ಉಳೀತಲ್ಲ, ಕೇಳು. ನಾ ಕೊಲ್ತೀನೋ ಬಿಡ್ತೀನೋ ನೋಡಾಕ ಮಧ್ಯಾಹ್ನದಿಂದ ಕೆರಿ ದಂಡ್ಯಾಗ ಗಿಡದ ಮರ್ಯಾಗ ನಿಂತಿದ್ರು. ಹಿಡಿದದ್ದೆಲ್ಲಾ ಬಿಟ್ಟದ್ದ ಕಂಡು ಹತ್ರ ಬಂದ್ರು. 'ಒಮ್ಮಿ ನನಗೂ ಕೊಡಪಾ' ಅಂತ ಗಾಳದ ಕೋಲು ಇಸ್ಕೊಂಡ್ರು. ಹಿಂದ ಯಾರದಾರ ನೋಡದ ಬೀಸಿಬಿಟ್ರು! ಗಾಯ ಮುಟ್ಟಾಕ ಧೈರ್ಯ ಸಾಲದ ಇಲ್ಲೀತನಕ ಅಳಕೋತನ ಕರಕೊಂಡು ಬಂದ್ರು. ಈಗ ಒಳಗ ಬರಾಕ ನಿನಗ ಹೆದರ್ಯಾರ."

"ನನಗ? ಯಾರವರು?"

"ಡಾಕ್ಟರ್ ನಿಂಗಪ್ಪ... ನಿಮ್ಮಪ್ಪಾರು!"