ತಳ್ಳಿಕೊಂಡು ಹೋದ ನೀಲಿ ಸೈಕಲ್ಲು

ತಪ್ಪು ಚೈನಿನದೋ, ತನ್ನ ಕೈಯದೋ?

ಹಳೇ ರೈಲ್ವೆ ಸ್ಟೇಷನ್ನಿನ ಟಿಕೆಟ್ ಕೋಣೆಯಲ್ಲಿ, ಮಗುಚಿಟ್ಟ ನೀಲಿ ಸೈಕಲ್ಲಿನ ಮುಂದೆ ಕುಳಿತು ಅವಳು ಪೆಡಲ್ ತಿರುಗಿಸಿದಳು. ಚಕ್ರ ಬೆಣ್ಣೆಯ ಹಾಗೆ ಓಡಿತು.

ಹಾಗಾದರೆ ಆ ಮನುಷ್ಯ ಇದನ್ನು ಯಾಕೆ ತಳ್ಳಿಕೊಂಡು ಹೋಗುತ್ತಾನೆ?

ಹಳಿಗಳನ್ನು ಕಿತ್ತು, ಹೊಲಗಳ ನಡುವಿನ ಆ ದಾರಿಯನ್ನು ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟ ಮೇಲೆ ಅವಳು ಇಲ್ಲಿ ಬಾಡಿಗೆ ಸೈಕಲ್ ಅಂಗಡಿ ಇಟ್ಟಿದ್ದಳು. ಕಸುಬು ಅಪ್ಪ ಕಲಿಸಿದ್ದು. ತಾನು ಮುಟ್ಟಿದ ಸೈಕಲ್ ದಾರಿಯಲ್ಲಿ ಕೈಕೊಟ್ಟದ್ದಿಲ್ಲ ಎಂಬುದೇ ಅವಳ ಹೆಮ್ಮೆ. ಆ ಹೆಮ್ಮೆಗೇ ಈಗ ಪೆಟ್ಟು ಬಿದ್ದಿತ್ತು.

ಪೇಟೆಯ ಗಡಿಯಾರ ರಿಪೇರಿಯವನು ಪ್ರತಿ ಭಾನುವಾರ ಬರುತ್ತಿದ್ದ. ಟಿಕೆಟ್ ಕಿಂಡಿಯಲ್ಲಿ ನೀಲಿ ಸೈಕಲ್ಲನ್ನೇ ಕೇಳಿ, ತಳ್ಳಿಕೊಂಡು ಹೊರಡುತ್ತಿದ್ದ. ಸಂಜೆ ತಂದು ನಿಲ್ಲಿಸಿ, ಚೆನ್ನಾಗಿದೆ ಎಂದಷ್ಟೇ ಹೇಳಿ, ಒಂದು ಗಳಿಗೆ ಹೆಚ್ಚೇ ನಿಂತು ಹೋಗುತ್ತಿದ್ದ. ಅದನ್ನು ಬೇರೆ ಯಾರಿಗೂ ಕೊಡದೆ ಅವನಿಗೆಂದೇ ಎತ್ತಿಡುತ್ತಿದ್ದಳು. ಯಾಕೆಂದು ತನ್ನನ್ನೇ ಕೇಳಿಕೊಂಡಿರಲಿಲ್ಲ.

ದಾರಿಯಲ್ಲಿನ ಹೊಳೆ ಸೇತುವೆಯ ಆಚೆಗೂ ಅವನು ತಳ್ಳುತ್ತಲೇ ಇದ್ದನೆಂದು ನೋಡಿದವರು ಹೇಳಿದಾಗ ಅವಳು ಬ್ರೇಕ್ ವೈರ್ ಬದಲಿಸಿದಳು. ಆಮೇಲೆ ಪೆಡಲ್. ಆಮೇಲೆ ಸೀಟು. ಅವನು ಮಾತ್ರ ತಳ್ಳುವುದನ್ನು ಬಿಡಲಿಲ್ಲ. ಬಾಯಿಬಿಟ್ಟು ಬೈದಿದ್ದರೂ ಆಗುತ್ತಿತ್ತು… ಆ ಮರ್ಯಾದೆಯ ಮೌನವೇ ಅವಳನ್ನು ಚುಚ್ಚುತ್ತಿತ್ತು.

"ಬಾಡಿಗೆ ಕೊಟ್ಟು ಸೈಕಲ್ಲನ್ನ ವಾಕಿಂಗ್ ಕರ್ಕೊಂಡು ಹೋಗೋ ಗಂಡಸು ಅಂದ್ರೆ ಇವನೊಬ್ಬನೇ ಕಣೇ," ಎಂದಳು ಪ್ಲಾಟ್‌ಫಾರ್ಮಿನ ಬೆಂಚಿನಿಂದ ಅಜ್ಜಿ.

ಮೊಮ್ಮಗಳ ಹೆಬ್ಬೆರಳು ಪೆಡಲಿನ ಮೇಲೆ ನಿಂತಿತು. ಹೊಸ ರಬ್ಬರಿನ ಸಣ್ಣ ಮುಳ್ಳುಗಳು ಒಂದೂ ಸವೆದಿರಲಿಲ್ಲ. ಅದರ ಮೇಲೆ ಯಾರೂ ಕಾಲೇ ಇಟ್ಟಿರಲಿಲ್ಲ!

ಮುಂದಿನ ಭಾನುವಾರ ಅಜ್ಜಿಯನ್ನು ಕಿಂಡಿಯಲ್ಲಿ ಕೂರಿಸಿ, ತನ್ನ ಸೈಕಲ್ ಹತ್ತಿ ಹಿಂದೆಯೇ ಹೋಗಿ ಸೇತುವೆಯ ಮೇಲೆ ಅವನಿಗೆ ಅಡ್ಡ ನಿಂತಳು.

"ನನ್ನ ಸೈಕಲ್ ಓಡಿಸೋಕೆ ಲಾಯಕ್ಕಿಲ್ಲ ಅಂತ ಹೇಳ್ಬಿಡಿ. ಇವತ್ತಿಂದ ಕೊಡಲ್ಲ."

ಅವನು ಹ್ಯಾಂಡಲ್ಲಿನ ಗಂಟೆಯನ್ನು ಬೆರಳಿನಿಂದ ಒರೆಸಿದ. ಕೆಳಗೆ ನೀರು ಹರಿಯುತ್ತಿತ್ತು.

"ಲಾಯಕ್ಕಿಲ್ಲದವನು ನಾನು. ನಂಗೆ ಸೈಕಲ್ ಬರಲ್ಲ."

"ಮತ್ತೆ ಬಾಡಿಗೆಗೆ ಯಾಕೆ ತಗೋತೀರಿ?"

"ನಿಮ್ಮ ಕಿಂಡೀಲಿ… ಬೇರೇನು ಕೇಳೋಕಾಗತ್ತೆ?"

ಅವಳಿಗೆ ನಗು ಬಂತು. ನಗುವಿನ ಬೆನ್ನಿಗೇ ಕಣ್ಣು ತುಂಬಿತು. ತಪ್ಪು ಕೈಯದಲ್ಲ. ಇಷ್ಟು ದಿನ ಬಿಗಿಯಬೇಕಾದದ್ದನ್ನೆಲ್ಲ ಬಿಗಿದಿದ್ದಳು, ಕೇಳಬೇಕಾದದ್ದನ್ನು ಮಾತ್ರ ಕೇಳಿರಲಿಲ್ಲ.

"ಹತ್ತಿ," ಎಂದಳು. "ಸೀಟು ನಾನು ಹಿಡ್ಕೋತೀನಿ."

"ಮಧ್ಯದಲ್ಲಿ ಕೈಬಿಡಲ್ಲ ತಾನೇ?"

"ನೀವಾಗಿ ಬಿಡು ಅನ್ನೋವರೆಗೂ ಬಿಡಲ್ಲ."

ರೈಲು ಓಡಿದ್ದ ದಾರಿ ಅದು. ಕಡಿದಾದ ಏರಿಲ್ಲ, ಇಳಿಜಾರಿಲ್ಲ. ಕಲಿಯಲು ಅಷ್ಟು ಕಾಲ ಬೇಕೇ ಇರಲಿಲ್ಲ. ಆದರೂ ಅವನ ಕಲಿಕೆ ಭಾನುವಾರದಿಂದ ಭಾನುವಾರಕ್ಕೆ ಬೆಳೆಯಿತು, ಸೇತುವೆಯನ್ನು ದಾಟಿತು, ಅವರ ಮದುವೆಯನ್ನೂ ದಾಟಿತು. ಅವಳು ಸೀಟು ಹಿಡಿದು ಪಕ್ಕದಲ್ಲೇ ಓಡಿದಳು. ಸೀಟಿನ ಓಲಾಟ ಎಂದೋ ನಿಂತುಹೋದದ್ದು ಅವಳ ಕೈಗೆ ತಿಳಿದೇ ಇತ್ತು.

ಬಿಡು ಎಂದು ಮಾತ್ರ ಅವನು ಎಂದೂ ಹೇಳಲಿಲ್ಲ.