ದಿನಕ್ಕೆ ಒಂದೇ ಪ್ರಶ್ನೆ

ರಸ್ತೆಯ ಬದಿಯಲ್ಲಿ ಸುಮ್ಮನೆ ಕುಳಿತ ಮನುಷ್ಯನನ್ನು ಕಂಡೊಡನೆ, ಇವನು ಭಿಕ್ಷುಕ, ಇಲ್ಲವೇ ಹುಚ್ಚ, ಇಲ್ಲವೇ ಏನನ್ನೋ ಮಾರಲು ಬಂದವನು ಎಂದು ತೀರ್ಪು ಕೊಡುವ ಅಧಿಕಾರವನ್ನು ನಿಮಗೆ ಯಾರು ಕೊಟ್ಟರು? ಹತ್ತಿರ ಹೋಗಿ ಒಂದು ಮಾತು ಕೇಳುವಷ್ಟು ವ್ಯವಧಾನವಿಲ್ಲದವರಿಗೆ ತೀರ್ಪು ಕೊಡಲು ಮಾತ್ರ ಪುರುಸೊತ್ತು ಎಲ್ಲಿಂದ ಬರುತ್ತದೆ?

ಪೇಟೆಯ ವೃತ್ತದಲ್ಲಿ, ಗಡಿಯಾರ ಕಂಬದ ಕೆಳಗೆ, ಮಡಚುವ ಕುರ್ಚಿಗಳೆರಡನ್ನು ಎದುರುಬದುರು ಹಾಕಿಕೊಂಡು ಕುಳಿತವನ ಬಗ್ಗೆ ಊರು ಹಾಗೆಯೇ ತೀರ್ಪು ಕೊಟ್ಟಿತ್ತು.

ಅವನು ನಾಟಕದವನು. ಪರರು ಬರೆದ ಮಾತುಗಳನ್ನು ವರ್ಷಗಟ್ಟಲೆ ಬಾಯಿಪಾಠ ಮಾಡಿ ಒಪ್ಪಿಸಿದ ಮೇಲೆ, ತನ್ನ ಮಾತು ತನಗೇ ಮರೆತುಹೋಗುತ್ತಿದೆ ಎನ್ನಿಸಿ ಈ ಪ್ರಯೋಗಕ್ಕೆ ಕುಳಿತಿದ್ದ. ಪಕ್ಕದ ಹಲಗೆಯಲ್ಲಿ ಹೀಗೆ ಬರೆದಿತ್ತು:

'ಏನು ಬೇಕಾದರೂ ಕೇಳಿ. ನಿಜವನ್ನೇ ಹೇಳುತ್ತೇನೆ. ಒಬ್ಬರಿಗೆ ದಿನಕ್ಕೆ ಒಂದೇ ಪ್ರಶ್ನೆ. ನಾನು ಮಾತ್ರ ಯಾರನ್ನೂ ಏನೂ ಕೇಳುವುದಿಲ್ಲ.'

ಒಂದು ಬೆಳಿಗ್ಗೆ ಅವನೆದುರಿನ ಖಾಲಿ ಕುರ್ಚಿಗೆ ಡ್ರೈವಿಂಗ್ ಸ್ಕೂಲಿನ ಕಾರು ಗುದ್ದಿತು.

ಸ್ಟೇರಿಂಗ್ ಹಿಡಿದಿದ್ದವರು ಕೆಲಸದಿಂದ ನಿವೃತ್ತರಾದ ನರ್ಸಮ್ಮ. ಪಕ್ಕದಲ್ಲಿ ಕುಳಿತು ಕಲಿಸುತ್ತಿದ್ದವಳೇ ನಮ್ಮ ನಾಯಕಿ. ಕಲಿಯಲು ಬಂದವರಿಗೆಲ್ಲ ಅವಳು 'ಮೇಡಂ'. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದೆ. ಅವಳು ಅದನ್ನು ಒತ್ತದಿದ್ದರೆ ಗುದ್ದು ಕುರ್ಚಿಗೆ ಮುಗಿಯುತ್ತಿರಲಿಲ್ಲ.

ಅವಳು ಇಳಿದು ಓಡಿದಳು. "ನಿಮಗೆ ಏನಾದ್ರೂ ಆಯ್ತಾ?"

"ಇಲ್ಲ. ನಿಮ್ಮ ಇವತ್ತಿನ ಪ್ರಶ್ನೆ ಮುಗೀತು," ಎಂದ ಅವನು, ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸುತ್ತ.

ಅವಳಿಗೆ ಸಿಟ್ಟು ಬರಬೇಕಿತ್ತು... ಹಲಗೆ ಓದಿದಳು, ನಗು ಬಂತು.

ನರ್ಸಮ್ಮ ಕಿಟಕಿಯಿಂದ ತಲೆ ಹೊರಹಾಕಿದರು. "ನನ್ನ ಪ್ರಶ್ನೆ ಬಾಕಿ ಇದೆಯಲ್ಲಪ್ಪ. ಕಾರು ಬರೋ ದಾರೀಲಿ ಕೂತಿದ್ದೀಯಲ್ಲ, ನಿನಗೆ ಮನೆಮಠ ಇಲ್ವಾ?"

"ಮನೆ ಇದೆ ಅಮ್ಮ. ಇದು ಫುಟ್‌ಪಾತು. ಕಾರು ಬರೋ ದಾರಿ ಅಲ್ಲಿದೆ."

ಅಂದಿನಿಂದ ಅವಳು ಪಾಠಗಳ ನಡುವಿನ ಬಿಡುವಿನಲ್ಲಿ ಆ ಕುರ್ಚಿಗೆ ಬಂದು ಕೂರತೊಡಗಿದಳು. ದಿನಕ್ಕೆ ಒಂದೇ ಪ್ರಶ್ನೆ.

"ನಾಟಕದಲ್ಲಿ ಅಳೋದು ನಿಜವಾದ ಅಳುವಾ?"

"ಮೊದಮೊದಲು ನಿಜ. ಆಮೇಲೆ ದೀಪದ ಶಾಖಕ್ಕೆ ಕಣ್ಣಲ್ಲಿ ನೀರು ತಾನಾಗೇ ಬರುತ್ತೆ."

"ನಿಮಗೆ ಯಾವುದಕ್ಕೆ ಹೆದರಿಕೆ?"

"ನಾಯಿಗೆ. ಅದಕ್ಕಿಂತ ಹೆಚ್ಚು, ಅಮ್ಮ ಮಾತು ಬಿಟ್ಟಾಗ."

ಉತ್ತರ ಮುಗಿದ ಮೇಲೆ ಅವಳು ತಾನಾಗಿಯೇ ಮಾತನಾಡುತ್ತಿದ್ದಳು. ಗೇರು ಬದಲಿಸುವಾಗ ಕಣ್ಣು ಮುಚ್ಚುವ ಬ್ಯಾಂಕಿನವರು, ಗಂಡ ಬೈದ ದಿನ ಅತಿವೇಗವಾಗಿ ಓಡಿಸುವ ಟೀಚರಮ್ಮ... ಅವನು ಏನೂ ಕೇಳುತ್ತಿರಲಿಲ್ಲ. ಗಲ್ಲಕ್ಕೆ ಕೈಕೊಟ್ಟು ಆಲಿಸುತ್ತಿದ್ದ. ಎದುರಿನವರ ಮಾತು ಮುಗಿಯುವ ಮೊದಲೇ ನಮ್ಮ ಪುರಾಣ ಬಿಚ್ಚುವ ನಾವು ಆ ಆಲಿಸುವಿಕೆಯಿಂದ ಕಲಿಯಬೇಕಾದದ್ದು ಬಹಳವಿದೆ.

'ಮನೆಯಲ್ಲಿ ಯಾರೂ ನನ್ನ ಮಾತನ್ನು ಹೀಗೆ ಕೇಳಿಸಿಕೊಂಡಿಲ್ಲವಲ್ಲ...' ಎಂದುಕೊಳ್ಳುತ್ತ ಅವಳು ಹಗುರಾಗಿ ಕೆಲಸಕ್ಕೆ ಮರಳುತ್ತಿದ್ದಳು.

ಹಾಗಿರುವಾಗ ಒಂದು ಮಧ್ಯಾಹ್ನ, ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಕೇಳಿಯೇಬಿಟ್ಟಳು. "ನಿಮ್ಮ ಮನಸ್ಸಲ್ಲಿ... ಯಾರಾದ್ರೂ ಇದ್ದಾರಾ?"

ಅವನು ಹೇಳಿದ. "ಇದ್ದಾರೆ."

ಅವಳ ಮುಖದ ಬಣ್ಣ ಇಳಿಯಿತು. ಅವನು ಮತ್ತೆ ಬಾಯಿ ತೆರೆದ. "ಅವರು..."

"ಸಾಕು. ಒಂದೇ ಪ್ರಶ್ನೆ ಅಲ್ವಾ," ಎಂದು ಎದ್ದು ನಡೆದಳು.

ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಕಲಿಯುವವರನ್ನೆಲ್ಲ ನೀರಿನ ಟ್ಯಾಂಕಿನ ರಸ್ತೆಗೆ ಕರೆದೊಯ್ಯತೊಡಗಿದಳು. ಅಲ್ಲಿ ವೃತ್ತವಿರಲಿಲ್ಲ.

ಕೊನೆಗೆ ನರ್ಸಮ್ಮನೇ ಕಾರು ನಿಲ್ಲಿಸಿಬಿಟ್ಟರು. "ಏನು ಮಗಳೇ, ಬರೀ ಎಡಕ್ಕೇ ತಿರುಗಿಸಿ ಅಂತಿದ್ದೀಯ? ಪರೀಕ್ಷೇಲಿ ಬಲಗಡೆ ಅನ್ನೋದು ಇರಲ್ವಾ?"

ಅವಳ ಕಣ್ಣು ತುಂಬಿ ಬಂತು. ಎಲ್ಲವನ್ನೂ ಹೇಳಿದಳು.

"ಯಾರು ಅಂತ ಕೇಳಲಿಲ್ವಾ?"

"ದಿನಕ್ಕೆ ಒಂದೇ ಪ್ರಶ್ನೆ ಅಮ್ಮ."

"ಮಾರನೇ ದಿನ ಅನ್ನೋದು ಕ್ಯಾಲೆಂಡರಿನಲ್ಲಿ ಇರಲಿಲ್ವಾ?"

"ಇನ್ನೊಬ್ಬಳ ಹೆಸರು ಕೇಳಿಸಿಕೊಳ್ಳೋ ಧೈರ್ಯ ಇರಲಿಲ್ಲ."

"ನಾನು ಓಡಿಸುವಾಗಲೂ ಹೀಗೇ ಮಾಡ್ತೀಯ. ಅಡ್ಡ ಯಾರೂ ಇರಲ್ಲ, ನೀನು ಬ್ರೇಕ್ ಒತ್ತಿರ್ತೀಯ," ಎಂದರು ನರ್ಸಮ್ಮ. "ಕೇಳಿಲ್ಲಿ. ಅಲ್ಲಿ ಕೂರೋಕೆ ನಗರಸಭೆಯವರು ಅವನಿಗೆ ಕೊಟ್ಟ ಅನುಮತಿ ಇವತ್ತಿಗೆ ಮುಗಿಯುತ್ತಂತೆ. ಸಂಜೆ ಬಸ್ಸಿಗೆ ತನ್ನ ಊರಿಗೆ ಹೊರಟಿದ್ದಾನೆ. ಬೆಳಿಗ್ಗೆ ಅವನ ಹತ್ತಿರ ನನ್ನ ಪ್ರಶ್ನೆ ಅದೇ ಆಗಿತ್ತು. ಈಗ ಬಲಕ್ಕೆ ತಿರುಗಿಸ್ಲಾ, ಬೇಡ್ವಾ?"

ಅವಳು ಕೆನ್ನೆ ಒರೆಸಿಕೊಂಡಳು. "ಮೊದಲು ಇಂಡಿಕೇಟರ್ ಹಾಕಿ."

ವೃತ್ತದಲ್ಲಿ ಅವನು ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಗ್ಗ ಕಟ್ಟುತ್ತಿದ್ದ. ಅವಳನ್ನು ಕಂಡು ಕೈ ನಿಂತಿತು.

'ಯಾರು ಅವಳು?' ಎಂದು ಕೇಳಲು ದಾರಿಯುದ್ದಕ್ಕೂ ಅಣಿಯಾಗುತ್ತ ಬಂದಿದ್ದಳು. ಅವನ ಮುಖ ನೋಡಿದಾಗ ಆ ಮಾತು ಬಿದ್ದೇಹೋಯಿತು. ಇಷ್ಟು ದಿನ ಊರೆಲ್ಲ ಇವನನ್ನು ಕೇಳಿತು, ತಾನೂ ಕೇಳಿದಳು. ಇವನಿಗೆ ಕೇಳುವುದೇನಾದರೂ ಇರಬಹುದೆಂದು ಯಾರಿಗಾದರೂ ಹೊಳೆಯಿತೇ?

ಅವಳು ನೇರವಾಗಿ ಹೋಗಿ ಅವನ ಕುರ್ಚಿಯಲ್ಲಿ ಕುಳಿತಳು.

"ಇವತ್ತು ನೀವು ಕೇಳಿ. ನಾನು ನಿಜಾನೇ ಹೇಳ್ತೀನಿ."

"ನಿಯಮ ಮುರಿದ ಹಾಗಾಗುತ್ತೆ."

"ನಿಯಮ ಈ ಕುರ್ಚೀದು. ಇದರಲ್ಲಿ ಕೂತಿರೋದು ನಾನು."

ಅವನು ಎದುರಿಗೆ ಕುಳಿತ. ಅಭ್ಯಾಸ ತಪ್ಪಿದವನಂತೆ ತಡವರಿಸಿ ಕೇಳಿದ. "ಯಾಕೆ... ಬರೋದು ಬಿಟ್ಟಿರಿ?"

ಕೆಲಸವಿತ್ತು ಎನ್ನಬಹುದಿತ್ತು. ಅವಳು ಹಾಗೆನ್ನಲಿಲ್ಲ.

"ನಿಮ್ಮ ಮನಸ್ಸಲ್ಲಿರೋದು ನಾನಲ್ಲ ಅಂದುಕೊಂಡೆ. ಅದನ್ನ ನಿಮ್ಮ ಬಾಯಿಂದಲೇ ಕೇಳಿದ್ರೆ ತಡ್ಕೊಳ್ಳೋಕೆ ಆಗ್ತಿರಲಿಲ್ಲ... ಅಷ್ಟು ಇಷ್ಟ ಆಗಿಬಿಟ್ಟಿದ್ದೀರ."

"ನೀವೇ ಅಂತ ಹೇಳೋಕೆ ಬಾಯಿ ತೆಗೆದಿದ್ದೆ. ಅಷ್ಟರಲ್ಲಿ ನೀವು ಎದ್ದಾಗಿತ್ತು."

"ಹಿಂದೆ ಬಂದು ಒಂದು ಮಾತು ಕೇಳಬಾರದಿತ್ತಾ?"

"ಯಾರನ್ನೂ ಏನೂ ಕೇಳಲ್ಲ ಅಂತ ಊರಿಗೆಲ್ಲ ಬೋರ್ಡು ಹಾಕಿಕೊಂಡು ಕೂತಿದ್ದೆನಲ್ಲ."

"ಬೋರ್ಡು ದೊಡ್ಡದಾಯ್ತಾ, ನಾನು ಚಿಕ್ಕವಳಾದ್ನಾ?"

ಅವನು ತಲೆ ತಗ್ಗಿಸಿದ. "ತಪ್ಪು ನಂದು. ಅಮ್ಮನಿಗೆ ಹೇಳಿ ಭಾನುವಾರ ಬರ್ತೀನಿ. ನಿಮ್ಮ ಮನೆಗೆ. ಬರಬಹುದಾ?"

"ಅದು ಎರಡನೇ ಪ್ರಶ್ನೆ."

"ಗೊತ್ತು."

"ಬನ್ನಿ," ಎಂದಳು, ನಗುತ್ತಲೇ ಕಣ್ಣೊರೆಸಿಕೊಂಡು. "ಬಸ್ ಸ್ಟ್ಯಾಂಡಿನ ತನಕ ನಾವು ಬಿಡ್ತೀವಿ."

"ಓಡಿಸೋರು ಯಾರು?"

"ನರ್ಸಮ್ಮ."

"ನಾವು ನಡ್ಕೊಂಡೇ ಹೋಗೋಣ."

ಅವಳು ಚೀಲದ ಒಂದು ಕಡೆ ಹಿಡಿದಳು, ಅವನು ಇನ್ನೊಂದು ಕಡೆ.

ಓದುಗರೇ, ಇವರಿಬ್ಬರೂ ಪಾರಾದರು. ನೀವು? ಯಾರದೋ ಅರ್ಧ ಉತ್ತರವನ್ನು ಹೊತ್ತು ಎದ್ದು ಬಂದು, ಉಳಿದರ್ಧವನ್ನು ನಿಮ್ಮ ಅಂಜಿಕೆಯಿಂದಲೇ ತುಂಬಿಕೊಂಡು, ಅದನ್ನೇ ಸತ್ಯವೆಂದು ನಂಬಿ ಅವರನ್ನು ದೂರವಿಟ್ಟಿದ್ದೀರಲ್ಲವೇ? ಅದು ಅವರಿಗೆ ಮಾಡಿದ ಅನ್ಯಾಯ. ಈ ಫೋನನ್ನು ಕೆಳಗಿಡಿ. ಅವರ ಬಳಿಗೆ ಹೋಗಿ, ಕೇಳದೆ ಬಿಟ್ಟದ್ದನ್ನು ಕೇಳಿ. ಅವರು ಹೇಳಿ ಮುಗಿಸುವವರೆಗೆ ದಯವಿಟ್ಟು ಏಳಬೇಡಿ.