ಓಗೊಡದ ಮನೆ

"ಬೀಗಕ್ಕೆ ಕೈ ಹಾಕೋ ಮುಂಚೆ ಹೊಸಿಲಲ್ಲಿ ನಿಂತು 'ಆಗೋ' ಅಂತ ಕೂಗಿ ಅಪ್ಪಣೆ ಕೇಳು," ಎಂದಳು ಗೇಟಿನ ಬಳಿ ಬಾಳೆಕಾಯಿ ಸುಡುತ್ತಿದ್ದ ಇಯಾ ಬೋಸೆ. "ಒಳಗಿಂದ ಯಾರಾದ್ರೂ ಓಗೊಟ್ರೆ ಹಿಂದೆ ನೋಡದೆ ಬಂದ್ಬಿಡು. ಓಗೊಟ್ಟವನು ಪುಣ್ಯವಂತ ಅನ್ಕೋ."

"ಓಗೊಡದಿದ್ರೆ?"

ಅವಳು ಕೆಂಡ ಕೆದಕಿದಳು. "ನಾನಾಗಿದ್ರೆ ಆಗಲೂ ಹೋಗಲ್ಲ."

"ಖಾಲಿ ಮನೆ ಹತ್ರ ಅಪ್ಪಣೆ ಕೇಳ್ತಾ ನಿಂತ್ರೆ ನಾನು ಮನೆ ಮಾರಿದ ಹಾಗೇ ಅಮ್ಮ. ನಿನ್ನ ಬಾಳೆಕಾಯಿ ಸೀದು ಹೋಗ್ತಿದೆ ನೋಡು," ಎಂದು ಎತಿಮ್ ನಕ್ಕ.

ಅವನು ತನ್ನೂರು ಕಲಬಾರಿನಿಂದ ಇಬಾದಾನ್ ನಗರಕ್ಕೆ ಬಂದು ಮನೆ ಮಾರುವ ದಲ್ಲಾಳಿ ಕಚೇರಿ ಸೇರಿ ಎಂಟು ತಿಂಗಳಾಗಿತ್ತು. ಇಲ್ಲಿ ಸೋಫಾ ಇಡಬಹುದು, ಇಲ್ಲಿ ಮಗುವಿನ ಮಂಚ ಎಂದು ಬರಿ ಗೋಡೆಗಳನ್ನು ತೋರಿಸುವುದು. ಬಂದವರು ಕಾರು ಹತ್ತಿದ ಮೇಲೆ ಕಿಟಕಿಗಳನ್ನು ಒಬ್ಬನೇ ಮುಚ್ಚುವುದು. ಇಡೀ ಊರಿಗೆ ಅವನು 'ಏಜೆಂಟ್'. ಎತಿಮ್ ಎಂದು ಕರೆಯುತ್ತಿದ್ದವಳು ಫೋನಿನಲ್ಲಿ ಹೆಂಡತಿ ಎಕಾನೆಮ್ ಒಬ್ಬಳೇ. ಯಾರಿಂದಲೂ ಮಾರಲಾಗದ ಈ ಮನೆಯನ್ನು ಮಾರಿದರೆ, ಅವಳನ್ನು ಕರೆಸಿಕೊಳ್ಳಲು ಕಚೇರಿಯ ಹಿಂದಿನ ಕೋಣೆ ಬಿಟ್ಟುಕೊಡುವುದಾಗಿ ಯಜಮಾನ ಮಾತು ಕೊಟ್ಟಿದ್ದ.

ಮನೆಯ ಕತೆಯನ್ನೂ ಇಯಾ ಬೋಸೆ ಹೇಳಿದ್ದಳು. ಒಬ್ಬ ದಲ್ಲಾಳಿ ಸುಳ್ಳು ಕಾಗದ ತೋರಿಸಿ ಇಲ್ಲಿದ್ದ ವಿಧವೆಯನ್ನು ಹೊರಗೆ ಹಾಕಿದ. ಅವಳು ಹೊಸಿಲಡಿ ಏನನ್ನೋ ಹೂತು, ಕೀಲಿ ಹಿಡಿದು ಒಳಬಂದವನಿಗೆ ಇನ್ನೊಬ್ಬ ಕೀಲಿ ತರುವ ತನಕ ಇದೇ ಮನೆ ಗತಿಯಾಗಲಿ ಎಂದು ಶಪಿಸಿ ಹೋದಳಂತೆ. ಆಮೇಲೆ ಆ ದಲ್ಲಾಳಿಯನ್ನು ಯಾರೂ ಕಂಡಿಲ್ಲ.

ಎತಿಮ್ ಹೊಸಿಲಲ್ಲಿ ನಿಂತು, ಇಯಾ ಬೋಸೆಗೆ ಕೇಳಲೆಂದೇ ನಾಟಕದವನಂತೆ ರಾಗ ಎಳೆದ. "ಆಗೋ ಓ..."

ಉತ್ತರವಿಲ್ಲ. ಒಳಗೆ ಯಾರೋ ಉಸಿರು ಬಿಗಿಹಿಡಿದಂಥ ನಿಶ್ಶಬ್ದ.

ಕೀಲಿ ತಿರುಗಿಸಿ ಒಳಗೆ ಕಾಲಿಟ್ಟ. ಸುಟ್ಟ ತಾಳೆ ಎಣ್ಣೆಯ ಕಮಟು. ಅದರಡಿಯಲ್ಲಿ, ವರ್ಷಗಟ್ಟಲೆ ಒಗೆಯದ ಅಂಗಿಯ ಬೆವರು. ಹಜಾರದ ಕತ್ತಲಲ್ಲಿ ಯಾರೋ ಅಳುತ್ತಿದ್ದರು. ಅಲ್ಲ, ನಗುತ್ತಿದ್ದರು. ಬರಿಗಾಲು ಓಡಿ ಬಂದವು. ಒದ್ದೆ ತೋಳೊಂದು ಭುಜಕ್ಕೆ ಉಜ್ಜಿತು.

"ಕ್ಷಮಿಸಪ್ಪ," ಎಂದಿತು ಕಿವಿಯಲ್ಲೊಂದು ದನಿ.

ನರೆತ ಗಡ್ಡದ, ಹರಿದ ಟೈ ಕಟ್ಟಿದ ಮುದುಕನೊಬ್ಬ ಧೂಳಿನ ಬಿಸಿಲಿಗೆ ಓಡಿಹೋದ. ಎತಿಮ್ ಅವನ ಬೆನ್ನಿಗೇ ಹಾರಿದ. ಹೊರಗಿಟ್ಟ ಕಾಲು ಒಳಗೇ ಊರಿತು. ಮತ್ತೆ ಇಟ್ಟ. ಒಳಗೇ. ಅರಚಿದ. ಗಂಟಲಿನಿಂದ ದನಿ ಬರಲಿಲ್ಲ. ಫೋನು ಮೊಳಗಿತು. ಎತ್ತಿ ಕಿವಿಗಿಟ್ಟ. "ಎತಿಮ್? ಎತಿಮ್, ಯಾಕೆ ಮಾತಾಡಲ್ಲ?" ಎಂದಳು ಎಕಾನೆಮ್. ಬಹಳ ಹೊತ್ತು ಕೇಳಿದಳು.

ಸಂಜೆ ಯಜಮಾನ ಬಂದ. ಹೊಸಿಲು ತುಳಿಯದೆ, ಕೈಯಷ್ಟೇ ಚಾಚಿ ಬಾಗಿಲು ಎಳೆದು, ಬೀಗ ಹಾಕಿ ಕೀಲಿ ಕಿತ್ತುಕೊಂಡ. ಒಳಗೆ ಕಣ್ಣೆತ್ತಿ ನೋಡಲೂ ಇಲ್ಲ.

ಎಷ್ಟೋ ಮಳೆಗಾಲ ಹೋದವು. ಫೋನು ಮೊದಲ ವಾರವೇ ಸತ್ತಿತ್ತು. ತನ್ನ ಹೆಸರನ್ನು ಮರೆಯಬಾರದೆಂದು ಎತಿಮ್ ಗೋಡೆಯ ಮೇಲೆ ಉಗುರಿನಿಂದ ಗೀಚುತ್ತಿದ್ದ.

ಒಂದು ಮಧ್ಯಾಹ್ನ ಗೇಟಿನಲ್ಲಿ ಕೀಲಿಗೊಂಚಲು ಸದ್ದು ಮಾಡಿತು. ಎತಿಮ್ ಕಿಟಕಿಯ ಸಂದಿಗೆ ಕಣ್ಣಿಟ್ಟ. ಹೊಸ ಏಜೆಂಟ್ ಹುಡುಗಿ. ಹಲ್ಲುದುರಿದ ಇಯಾ ಬೋಸೆ ಅವಳಿಗೆ ಏನೋ ಹೇಳಿದಳು. ಹುಡುಗಿ ನಗಲಿಲ್ಲ. ಫೋನಿಗೆ, "ಅಮ್ಮ ಈಗ ಬಂದ್ಬಿಡ್ತೀನಿ ಮರಿ, ಅಜ್ಜಿ ಹತ್ರ ಊಟ ಮಾಡು," ಎಂದಳು. ಹೊಸಿಲಲ್ಲಿ ನಿಂತಳು.

"ಆಗೋ ಓ. ಒಳಗೆ ಯಾರಾದ್ರೂ ಇದ್ದೀರಾ?"

ಆ ಕೂಗಿಗೆ ಅವನ ಗಂಟಲು ತೆರೆಯಿತು. ದನಿ ನಾಲಿಗೆಯ ತುದಿಗೆ ಬಂದು ನಿಂತಿತು. ಒಂದು ಮಾತು ಸಾಕು, ಅವಳು ಮಗುವಿನ ಬಳಿಗೆ ತಿರುಗಿ ಹೋಗುತ್ತಾಳೆ.

ಎತಿಮ್ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಉಸಿರು ಬಿಗಿಹಿಡಿದ.